ಕಲ್ಲಿನ ಮೇಲೆ ಹೆಸರಿಲ್ಲದವರು: ಪಂಜಾಬಿನ ಸಿಪಾಯಿಗಳು ಮತ್ತು ಅವರ ಮನೆತನದವರ ಬಗ್ಗೆ ಒಂದು ಚರ್ಚೆ

ಧಾರವಾಡದ ಉಪನ್ಯಾಸಕ:

ಕೆರೆಯ ಏರಿಯ ಮೇಲೋ ಹನುಮಂತದೇವರ ಗುಡಿಯ ಹಿಂದೆಯೋ ನಿಂತಿರುವ ವೀರಗಲ್ಲುಗಳನ್ನು ನೋಡುತ್ತ ಬೆಳೆದವರಿಗೆ ನಾನು ಹೇಳಹೊರಟಿರುವುದು ಬೇಗ ಅರ್ಥವಾದೀತು. ಕಳ್ಳರು ಹೊಡೆದುಕೊಂಡು ಹೋದ ತುರುಗಳನ್ನು ಬಿಡಿಸಿ ತರಲು ಹೋಗಿ ಮಡಿದ ಸಾಮಾನ್ಯ ಆಳಿಗೂ ನಮ್ಮ ಹಿಂದಿನವರು ಕಲ್ಲು ನಿಲ್ಲಿಸಿದರು, ಅನೇಕ ಕಡೆ ಇಂಥವನ ಮಗ ಇಂಥವನೆಂದು ಬರೆಸಿದರು. ಬೇಗೂರಿನ ಶಾಸನವೊಂದು ಉಳಿದುಬಂದಿರುವ ಕಾರಣಕ್ಕೆ, ಬೆಂಗಳೂರ ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಯ ಹೆಸರು ಸಾವಿರದ ನೂರು ವರ್ಷಗಳ ಮೇಲೂ ನಮ್ಮ ಬಾಯಲ್ಲಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಇರಾಕಿನ ಬಸ್ರಾ ಸ್ಮಾರಕದ ವಿಷಯವನ್ನು ಓದಿದರೆ ಎದೆ ಭಾರವಾಗುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ಮೆಸಪೊಟೇಮಿಯದ, ಎಂದರೆ ಇಂದಿನ ಇರಾಕಿನ, ಮರಳಿನಲ್ಲಿ ಸತ್ತು, ಗುರುತು ಸಿಗುವ ಸಮಾಧಿಯೂ ಇಲ್ಲದ 40,000ಕ್ಕೂ ಹೆಚ್ಚು ಮಂದಿಯ ನೆನಪಿಗೆ 1929ರಲ್ಲಿ ಆ ಸ್ಮಾರಕವನ್ನು ಕಟ್ಟಲಾಯಿತು. ಬ್ರಿಟಿಷ್ ಸೈನಿಕರಲ್ಲಿ ಕಟ್ಟಕಡೆಯವನ ಹೆಸರನ್ನೂ ಅಲ್ಲಿ ಕೆತ್ತಿದರು. ಭಾರತೀಯರಲ್ಲಿ ಮಾತ್ರ ಅಧಿಕಾರಿಗಳ ಹೆಸರನ್ನು ಕೆತ್ತಿ, ಸಿಪಾಯಿ, ನಾಯಕ, ಹವಾಲ್ದಾರರನ್ನು ಅವರವರ ಪಲ್ಟನ್ನಿನ ಕೆಳಗೆ ‘ಮತ್ತು ಇಷ್ಟು ಮಂದಿ ಇತರ ಭಾರತೀಯ ಸೈನಿಕರು’ ಎಂದು ಎಣಿಕೆಗೆ ಸೇರಿಸಿ ಮುಗಿಸಿದರು. ಇಂಥ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವೇ 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ ಇದನ್ನು ಒಪ್ಪಿಕೊಂಡಿದೆ. ಆ ವರದಿಯ ಅಂದಾಜಿನಂತೆ, 45,000ದಿಂದ 54,000 ಮಂದಿಯನ್ನು ಬಿಳಿಯ ಸೈನಿಕರಿಗೆ ಸಮನಾಗಿ ಸ್ಮರಿಸಲಿಲ್ಲ. ಇವರಲ್ಲದೆ ಕಡಿಮೆಯೆಂದರೂ 1,16,000 ಮಂದಿಯನ್ನು, ಪ್ರಾಯಶಃ 3,50,000 ಮಂದಿಯನ್ನು ಹೆಸರಿನಿಂದ ಸ್ಮರಿಸಲಿಲ್ಲ, ಅಥವಾ ಸ್ಮರಿಸಲೇ ಇಲ್ಲ. ಆಫ್ರಿಕದ ಹೊರೆಯಾಳುಗಳು, ಈಜಿಪ್ಟಿನವರು, ನಮ್ಮವರು ಎಲ್ಲರೂ ಆ ಲೆಕ್ಕದಲ್ಲಿದ್ದಾರೆ.

ಯುದ್ಧಕ್ಕೆ ಹೋದ ಭಾರತೀಯ ಯೋಧರಲ್ಲಿ ಸರಿಸುಮಾರು ಅರ್ಧದಷ್ಟು ಜನ ಪಂಜಾಬ್ ಪ್ರಾಂತ್ಯದವರು. ಆಗಿನ ಪಂಜಾಬಿನಲ್ಲಿದ್ದ ಜನ ದೇಶದ ಜನಸಂಖ್ಯೆಯ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಸ್ವತಂತ್ರ ಭಾರತವೂ ಇವರನ್ನು ನೆನೆಯಲಿಲ್ಲ. ಇಷ್ಟು ದೊಡ್ಡ ಪಾಲನ್ನು ಕೊಟ್ಟ ಹಳ್ಳಿಗಳಿಗೆ ಮರಳಿ ಬಂದದ್ದೇನು, ಅವರ ಮಕ್ಕಳು ಮೊಮ್ಮಕ್ಕಳಿಗೆ ಉಳಿದದ್ದೇನು ಎಂಬುದನ್ನು ಇಲ್ಲಿ ಚರ್ಚಿಸೋಣವೆಂದು ಈ ಮಾತನ್ನು ತೆಗೆದಿದ್ದೇನೆ.

ಬೆಂಗಳೂರಿನ ಓದುಗ:

ಸರ್, ತಾವು ಕೊಟ್ಟ ವಿವರಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದು ಪ್ರಶ್ನೆಯನ್ನು ನೇರವಾಗಿಯೇ ಕೇಳಬೇಕಾಗಿದೆ. ಇವರು ಸಂಬಳಕ್ಕಾಗಿ ಸಾಮ್ರಾಜ್ಯದ ಸೈನ್ಯಕ್ಕೆ ಸೇರಿದವರು. ತುರ್ಕರು ಜರ್ಮನರು ಯಾರೂ ಅವರ ಊರಿನ ತುರುಗಳನ್ನು ಹೊಡೆದುಕೊಂಡು ಹೋಗಿರಲಿಲ್ಲ. ಜಲಿಯನ್‌ವಾಲಾಬಾಗ್‌ನಲ್ಲಿ ಡೈಯರನ ಆಜ್ಞೆಯಂತೆ ಗುಂಡು ಹಾರಿಸಿದವರೂ ಅದೇ ಸೈನ್ಯದ ಸಿಪಾಯಿಗಳು. ಹೀಗಿರುವಾಗ ಸ್ವತಂತ್ರ ಭಾರತವು ಅವರನ್ನು ನೆನೆಯಲಿಲ್ಲವೆಂದು ದೂರುವುದು ಎಷ್ಟು ಸರಿ? ವೀರಗಲ್ಲಿನ ಹೋಲಿಕೆ ನನಗೆ ಒಪ್ಪಿಗೆಯಾಗಲಿಲ್ಲ.

ಧಾರವಾಡದ ಉಪನ್ಯಾಸಕ:

ತಮ್ಮ ಪ್ರಶ್ನೆ ಹೊಸದಲ್ಲ, ಅನ್ಯಾಯದ್ದೂ ಅಲ್ಲ. ನೂರು ವರ್ಷ ನಮ್ಮ ದೇಶ ಸುಮ್ಮನಿದ್ದುದಕ್ಕೆ ಮುಖ್ಯ ಕಾರಣವೇ ಈ ಪ್ರಶ್ನೆ. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಸಂಬಳಕ್ಕಾಗಿ ಹೋದರೆಂಬುದು ನಿಜ. ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಜಮೀನು ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ, ಸಾಹುಕಾರನ ಸಾಲ ಏರಿದ ಮನೆಯಲ್ಲಿ ಎರಡನೆಯ ಮಗನೋ ಮೂರನೆಯ ಮಗನೋ ಪಲ್ಟನ್ನಿಗೆ ಸೇರಿದರೆ ತೆರಿಗೆ ಕಟ್ಟಲು ನಗದು ಬರುತ್ತಿತ್ತು. ಮೇಲಾಗಿ ಪಿಂಚಣಿಯ ಆಸೆ, ಕಾಲುವೆ ನೀರು ಹರಿಯುವ ಲೈಲ್‌ಪುರ, ಮಾಂಟ್‌ಗೊಮರಿಯಂಥ ಹೊಸ ಪ್ರದೇಶಗಳಲ್ಲಿ ಒಂದು ಮುರಬ್ಬಾ, ಎಂದರೆ 25 ಎಕರೆ ಭೂಮಿ ಸಿಗಬಹುದೆಂಬ ಆಸೆ. ಅವರ ಮಾತಿನಲ್ಲಿ ‘ಇಜ್ಜತ್’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಮನೆತನದ ಮಾನ, ಪಲ್ಟನ್ನಿನ ಮಾನ, ಉಂಡ ಉಪ್ಪಿನ ಋಣ ಎಲ್ಲವೂ ಅದರೊಳಗೆ ಸೇರಿವೆ. ನಮ್ಮಲ್ಲಿ ಜೋಳವಾಳಿ ಎನ್ನುತ್ತಿದ್ದರಲ್ಲ, ಅದಕ್ಕೆ ತುಂಬ ಹತ್ತಿರದ ಭಾವ.

ಆದರೆ 1917ರಿಂದೀಚೆಗೆ ಪರಿಸ್ಥಿತಿ ಬದಲಾಯಿತು. ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓಡ್ವೈರನ ಆಡಳಿತವು ಜಿಲ್ಲೆಗಿಷ್ಟು, ತಹಸೀಲಿಗಿಷ್ಟು ಆಳುಗಳೆಂದು ಗೊತ್ತುಮಾಡಿತು. ಆ ಸಂಖ್ಯೆಯನ್ನು ತುಂಬಿಸಿಕೊಡುವ ಹೊಣೆ ಜೈಲ್ದಾರ, ಲಂಬರ್ದಾರರೆಂಬ ಹಳ್ಳಿಗಳ ಮುಖ್ಯಸ್ಥರ ಮೇಲೆ ಬಿತ್ತು. ಆಳು ಕೊಟ್ಟವನಿಗೆ ಬಿರುದು, ಭೂಮಿ. ಕೊಡದ ಹಳ್ಳಿಗೆ ಕಿರುಕುಳ. ಕಡೆಯ ಎರಡು ವರ್ಷಗಳಲ್ಲಿ ಸೇರಿದವರಲ್ಲಿ ಎಷ್ಟೋ ಮಂದಿಗೆ ‘ಸೇರಿದರು’ ಎಂಬ ಕ್ರಿಯಾಪದವೇ ಒಪ್ಪುವುದಿಲ್ಲ, ಅವರನ್ನು ಸೇರಿಸಲಾಯಿತು ಎನ್ನಬೇಕು. ಆ ಕಾಲದಲ್ಲಿ ಸ್ವತಃ ಗಾಂಧೀಜಿಯವರೇ 1918ರಲ್ಲಿ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಸೈನ್ಯಕ್ಕೆ ಸೇರಿರೆಂದು ತಿರುಗಾಡಿದ್ದರು ಎಂಬುದನ್ನೂ ಮರೆಯಬಾರದು. ಯುದ್ಧದಲ್ಲಿ ನೆರವಾದರೆ ಸ್ವರಾಜ್ಯ ಹತ್ತಿರವಾದೀತೆಂದು ಎಣಿಸಿದವರು ದೊಡ್ಡವರಲ್ಲೇ ಹಲವರಿದ್ದರು. ಬಂದದ್ದು 1919ರ ಮಾರ್ಚ್‌ನಲ್ಲಿ ರೌಲತ್ ಕಾಯಿದೆ, ಏಪ್ರಿಲ್ 13ರಂದು ಅಮೃತಸರದ ಗುಂಡಿನ ಮಳೆ. ಪಂಜಾಬಿನ ಆ ಸಿಟ್ಟಿನ ಹಿಂದೆ ಬಲವಂತದ ಭರ್ತಿಯ ನೋವೂ ಇತ್ತು. ಎಂದಮೇಲೆ ಸಿಪಾಯಿಯನ್ನೂ ಬಾಗ್‌ನಲ್ಲಿ ಸತ್ತವನನ್ನೂ ಎರಡು ಬೇರೆ ಜಾತಿಯ ಮನುಷ್ಯರೆಂದು ನೋಡಲಾಗದು. ಅನೇಕ ವೇಳೆ ಅವರು ಒಂದೇ ಹಳ್ಳಿಯವರು.

ಸಿಪಾಯಿಗಳು ಬರೆಸಿದ ಪತ್ರಗಳನ್ನು ಓದಿದರೆ ಅವರು ಕುರುಡರಾಗಿರಲಿಲ್ಲವೆಂಬುದು ಗೊತ್ತಾಗುತ್ತದೆ. ಫ್ರಾನ್ಸಿನಿಂದ ಊರಿಗೆ ಹೋಗುತ್ತಿದ್ದ ಪತ್ರಗಳನ್ನು ಸೆನ್ಸಾರ್ ಅಧಿಕಾರಿಗಳು ತೆರೆದು, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಇಡುತ್ತಿದ್ದ ಕಾರಣ ಆ ಮಾತುಗಳು ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಅವರ ಕಣ್ಣು ತಪ್ಪಿಸಲು ಒಬ್ಬ ಸಿಪಾಯಿ, ಕರಿಯ ಮೆಣಸು ಮುಗಿದಿದೆ, ಈಗ ಕೆಂಪು ಮೆಣಸನ್ನು ಬಳಸುತ್ತಿದ್ದಾರೆ, ಆದರೆ ಕರಿಯದರ ಖಾರ ಕೆಂಪಿಗಿಲ್ಲ ಎಂಬರ್ಥದಲ್ಲಿ ಬರೆಸುತ್ತಾನೆ. ಕರಿಯ ಮೆಣಸೆಂದರೆ ಭಾರತೀಯರು, ಕೆಂಪೆಂದರೆ ಬಿಳಿಯರು. ಇಂಥವನನ್ನು ಬಾಡಿಗೆಯ ಬಂಟನೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಾಮ್ರಾಜ್ಯವನ್ನು ಹೊಗಳದೆಯೇ ಅವನ ಹೆಸರನ್ನು ಬರೆಯಬಹುದು.

ಮೈಸೂರಿನ ನಿವೃತ್ತ ಯೋಧ:

ಚರ್ಚೆಯನ್ನು ಗಮನವಿಟ್ಟು ಓದಿದೆ. ನಾನು ಇಪ್ಪತ್ತಾರು ವರ್ಷ ಪಂಜಾಬಿನ ಗೆಳೆಯರೊಡನೆ ಒಂದೇ ಲಂಗರಿನಲ್ಲಿ, ಎಂದರೆ ಸೈನ್ಯದ ಊಟದ ಮನೆಯಲ್ಲಿ, ಉಂಡವನು. ಯುದ್ಧ ಅವರ ರಕ್ತದಲ್ಲೇ ಇದೆ, ಅದೊಂದು ಹುಟ್ಟಿನಿಂದ ಬಂದ ಕ್ಷಾತ್ರ. ಹಾಗಾಗಿ ಅವರ ಸಂಖ್ಯೆ ಹೆಚ್ಚಿದ್ದುದು ಸಹಜವೆಂದೇ ನನಗೆ ತೋರುತ್ತದೆ.

ನಮ್ಮವರ ಒಂದು ಮಾತನ್ನೂ ಇಲ್ಲಿ ಸೇರಿಸಬೇಕು. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ತುರ್ಕರಿಂದ ಗೆದ್ದುಕೊಟ್ಟವರಲ್ಲಿ ಜೋಧಪುರದ ಸವಾರರ ಜೊತೆಗೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳತ್ತ ಏರಿಹೋದವರು ಮೈಸೂರಿನವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ದಿನವೂ ಅದರ ಪಕ್ಕದಲ್ಲೇ ಓಡಾಡುವ ಜನರಲ್ಲಿ ಎಷ್ಟು ಮಂದಿಗೆ ಅದೇನೆಂದು ಗೊತ್ತಿದೆ? ಪಂಜಾಬಿನವರನ್ನು ಮರೆತರೆಂದು ಬೇರೆಯವರನ್ನು ದೂರುವ ಮೊದಲು ನಾವು ಅತ್ತ ಒಮ್ಮೆ ಹೋಗಿಬರಬೇಕು.

ಧಾರವಾಡದ ಉಪನ್ಯಾಸಕ:

ತಮ್ಮ ಎರಡನೆಯ ಮಾತಿಗೆ ಕೈಮುಗಿಯುತ್ತೇನೆ. ಮೊದಲನೆಯದಕ್ಕೆ ಮಾತ್ರ, ತಮ್ಮ ಸೇವೆಯ ಮೇಲಿನ ಗೌರವದಿಂದಲೇ, ವಿರೋಧ ಹೇಳಬೇಕಾಗಿದೆ. ಕೆಲವು ಜಾತಿಗಳ ರಕ್ತದಲ್ಲಿ ಯುದ್ಧವಿದೆ ಎಂಬುದು 1857ರ ನಂತರ ಬ್ರಿಟಿಷರು ಬೆಳೆಸಿದ ಸಿದ್ಧಾಂತ. ತಮಗೆ ವಿರುದ್ಧವಾಗಿ ಎದ್ದ ಪ್ರದೇಶಗಳಿಂದ ಭರ್ತಿಯನ್ನು ತಗ್ಗಿಸಿ, ಪಂಜಾಬ್ ಮತ್ತು ವಾಯವ್ಯ ಗಡಿಯತ್ತ ಅವರು ತಿರುಗಿದರು. ಅದೇ ಸಿದ್ಧಾಂತದ ಹೆಸರಿನಲ್ಲಿ ಮದರಾಸು ಸೈನ್ಯದ ಪಲ್ಟನ್ನುಗಳನ್ನು ಒಂದೊಂದಾಗಿ ಕಳೆದರು, ದಕ್ಷಿಣದವರು ಯುದ್ಧಕ್ಕೆ ಒದಗುವವರಲ್ಲವೆಂದು ಬರೆದಿಟ್ಟರು. ಹೈಫಾದ ಮೈಸೂರಿನವರೇ ಅದಕ್ಕೆ ಉತ್ತರವಾದರಲ್ಲವೇ? ಪಂಜಾಬಿನವನನ್ನು ಹುಟ್ಟುಹುಲಿಯೆಂದು ಹೊಗಳುವಾಗ ಅವನ ಭಯ, ಮನೆಯ ಹಂಬಲ, ಫ್ರಾನ್ಸಿನ ಕೆಸರಿನಲ್ಲಿ ಅವನು ಪಟ್ಟ ಪಾಡು ಎಲ್ಲವೂ ಮರೆಯಾಗುತ್ತವೆ. ಅದೂ ಮರೆವಿನ ಇನ್ನೊಂದು ಬಗೆ.

1916ರ ಡಿಸೆಂಬರ್ 11ರಂದು ಜರ್ಮನಿಯ ವ್ಯೂನ್ಸ್‌ಡಾರ್ಫ್ ಬಂದಿಶಿಬಿರದಲ್ಲಿ ಮಲ್ ಸಿಂಗ್ ಎಂಬ ಫಿರೋಜ್‌ಪುರ ಜಿಲ್ಲೆಯ ಸಿಪಾಯಿಯ ದನಿಯನ್ನು ಭಾಷಾತಜ್ಞರು ಮುದ್ರಿಸಿಕೊಂಡರು. ಅದು ಇಂದಿಗೂ ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಅವನು ತನ್ನ ಬಗ್ಗೆ ‘ನಾನು’ ಎಂದು ಹೇಳುವುದೇ ಇಲ್ಲ. ಒಬ್ಬ ಮನುಷ್ಯನಿದ್ದ, ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಹಾಲು ಕುಡಿಯುತ್ತಿದ್ದ, ಯುರೋಪಿನ ಯುದ್ಧಕ್ಕೆ ಬಂದ, ಜರ್ಮನರ ಕೈಗೆ ಸಿಕ್ಕ, ಈಗ ಅವನಿಗೆ ಊರಿಗೆ ಹೋಗಬೇಕಾಗಿದೆ ಎಂದು ಅಜ್ಜಿಯ ಕಥೆಯ ಹಾಗೆ ಹೇಳುತ್ತಾನೆ. ಎರಡು ನಿಮಿಷವೂ ಇಲ್ಲದ ಆ ಮಾತನ್ನು ಕೇಳಿದ ಮೇಲೆ ರಕ್ತದಲ್ಲಿರುವ ಕ್ಷಾತ್ರದ ವಿಷಯವನ್ನು ನಾನು ತರಗತಿಯಲ್ಲಿ ಎತ್ತುವುದನ್ನೇ ಬಿಟ್ಟೆ.

ಮೈಸೂರಿನ ನಿವೃತ್ತ ಯೋಧ:

ಒಪ್ಪಿದೆ ಸರ್. ಆ ದನಿಯನ್ನು ನಾನು ಕೇಳಿರಲಿಲ್ಲ. ಸೈನ್ಯದಲ್ಲಿದ್ದಾಗ ನಾವೂ ನಮ್ಮ ಹಂಬಲವನ್ನು ಇನ್ನೊಬ್ಬನ ಮೇಲಿಟ್ಟೇ ಹೇಳಿಕೊಳ್ಳುತ್ತಿದ್ದೆವು.

ಬೀದರಿನ ಸೋದರಿ:

ಇಷ್ಟು ಹೊತ್ತು ಓದುತ್ತಿದ್ದೆ. ಈಗ ಬರೆಯದೆ ಇರಲಾಗಲಿಲ್ಲ. ನಮ್ಮ ಮನೆತನ ಜಲಂಧರ್ ಜಿಲ್ಲೆಯದು. ತಂದೆಯವರು ವಾಯುಪಡೆಯ ಕೆಲಸದ ಮೇಲೆ ಬೀದರಿಗೆ ಬಂದು, ಇಲ್ಲಿನ ಗುರುದ್ವಾರದ ನಾನಕ್ ಝೀರಾ ಬುಗ್ಗೆಯ ನೀರು ಕುಡಿದ ಮೇಲೆ ಬೇರೆ ಊರು ಬೇಡವೆಂದು ಇಲ್ಲಿಯೇ ನಿಂತರು. ಗುರು ಗೋವಿಂದ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರಲ್ಲಿ, ಎಂದರೆ ಪಂಚಪ್ಯಾರೆಗಳಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನವರಾದ್ದರಿಂದ ಇದು ಪರಸ್ಥಳವೆಂದು ನಮಗೆ ಎಂದೂ ಅನ್ನಿಸಲಿಲ್ಲ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ.

ನಮ್ಮ ಮನೆಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕಂಚಿನ ಬಿಲ್ಲೆ ಇತ್ತು. ಅಜ್ಜಿ ಅದನ್ನು ಗೋದಿಹಿಟ್ಟಿನ ಡಬ್ಬಿಯ ತಳದಲ್ಲಿ ಬಟ್ಟೆ ಸುತ್ತಿ ಇಡುತ್ತಿದ್ದರು. ಸಿಂಹದ ಪಕ್ಕದಲ್ಲಿ ನಿಂತ ಒಬ್ಬ ಹೆಂಗಸು, ಸುತ್ತಲೂ ಇಂಗ್ಲಿಷ್ ಅಕ್ಷರಗಳು, ನಡುವೆ ನನ್ನ ಮುತ್ತಜ್ಜನ ಹೆಸರು. ಸತ್ತ ಸೈನಿಕರ ಮನೆಗಳಿಗೆ ಬ್ರಿಟಿಷ್ ಸರ್ಕಾರ ಕಳುಹಿಸುತ್ತಿದ್ದ ಬಿಲ್ಲೆ ಅದೆಂದು ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ‘ಸ್ವಾತಂತ್ರ್ಯಕ್ಕಾಗಿ, ಗೌರವಕ್ಕಾಗಿ ಮಡಿದನು’ ಎಂದು ಅದರ ಮೇಲೆ ಬರೆದಿದೆ. ಮುತ್ತಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆಕೆಗೆ ಅದನ್ನು ಯಾರಾದರೂ ಓದಿ ಹೇಳಿದ್ದರೋ, ಹೇಳಿದ್ದರೆ 1919ರ ಪಂಜಾಬಿನಲ್ಲಿ ‘ಸ್ವಾತಂತ್ರ್ಯ’ ಎಂಬ ಮಾತು ಆಕೆಗೆ ಹೇಗೆ ಕೇಳಿಸಿತ್ತೋ ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಅವರು ‘ಬಸ್ರೆಗೆ ಹೋದರು, ಬರಲಿಲ್ಲ’ ಎಂಬುದಷ್ಟೇ ಮನೆಯ ಮಾತು. ಬೆಂಗಳೂರಿನ ಓದುಗರ ಪ್ರಶ್ನೆಗೆ ನನ್ನಲ್ಲಿ ವಾದವಿಲ್ಲ. ಹನ್ನೊಂದು ರೂಪಾಯಿಗೆ ಹೋದರೋ, ಲಂಬರ್ದಾರ ಹಿಡಿದುಕೊಟ್ಟನೋ ನಮಗೆ ಗೊತ್ತಿಲ್ಲ. ಹಿಂದೆ ಉಳಿದವಳು ಇಪ್ಪತ್ತು ದಾಟದ ಒಬ್ಬ ವಿಧವೆ, ಆಕೆಯ ಕಂಕುಳಲ್ಲಿ ನನ್ನ ಅಜ್ಜ. ಅವರಿಗೆ ಯಾವ ಮುರಬ್ಬಾ ಭೂಮಿಯೂ ಬರಲಿಲ್ಲ.

ಬೆಂಗಳೂರಿನ ಓದುಗ:

ಸೋದರಿ, ನನ್ನ ಮಾತು ತಮಗೆ ನೋವು ತಂದಿದ್ದರೆ ಕ್ಷಮಿಸಿ. ಸಾಮ್ರಾಜ್ಯದ ಯುದ್ಧದ ಬಗ್ಗೆ ನನ್ನ ನಿಲುವು ಬದಲಾಗಿಲ್ಲ, ಆದರೆ ಹೆಸರನ್ನು ಕೆತ್ತದೆ ಬಿಟ್ಟದ್ದೂ ಅದೇ ಸಾಮ್ರಾಜ್ಯ ಎಂಬುದನ್ನು ನಾನು ಗಮನಿಸಿರಲಿಲ್ಲ. ಒಂದು ಸಂಗತಿಯನ್ನು ನಾನೇ ಸೇರಿಸುತ್ತೇನೆ. 1945ರ ನವೆಂಬರ್‌ನಲ್ಲಿ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಮೂವರು ಅಧಿಕಾರಿಗಳ ವಿಚಾರಣೆ ಮೊದಲಾಯಿತಲ್ಲ, ಶಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್, ಅವರು ಮೂವರೂ ಪಂಜಾಬಿನವರು, ಬ್ರಿಟಿಷ್ ಭಾರತೀಯ ಸೈನ್ಯದಿಂದಲೇ ಬಂದವರು. ಮೊದಲ ಫೌಜನ್ನು ಕಟ್ಟಿದ ಮೋಹನ್ ಸಿಂಗರು ಪಂಜಾಬ್ ರೆಜಿಮೆಂಟಿನ ಕ್ಯಾಪ್ಟನ್. ಒಂದೇ ಮನೆತನದಲ್ಲಿ ಅಜ್ಜ ಬಸ್ರಾದಲ್ಲಿ, ಮೊಮ್ಮಗ ಇಂಫಾಲಿನಲ್ಲಿ ಬ್ರಿಟಿಷರ ಎದುರು ಪಕ್ಷವಾದ ಫೌಜಿನಲ್ಲಿ ಇದ್ದಿರುವುದು ಸಾಧ್ಯ.

ಟೊರೊಂಟೊದ ಕನ್ನಡಿಗ:

ನಾನಿರುವ ಊರಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿ ಕಿಚನರ್ ಎಂಬ ನಗರವಿದೆ. ಅಲ್ಲಿನ ಮೌಂಟ್ ಹೋಪ್ ಸ್ಮಶಾನದಲ್ಲಿ ಬುಕ್ಕಮ್ ಸಿಂಗ್ ಎಂಬ ಸೈನಿಕನ ಸಮಾಧಿಯಿದೆ. ಮೊದಲನೆಯ ಮಹಾಯುದ್ಧದಲ್ಲಿ ಕೆನಡಾದ ಸೈನ್ಯದೊಳಗೆ ಸೇವೆ ಸಲ್ಲಿಸಿದ ಸಿಖ್ಖರಲ್ಲಿ ಗೊತ್ತಾಗಿರುವವರು ಹತ್ತು ಮಂದಿ, ಅವರಲ್ಲಿ ಇವನೊಬ್ಬ. ಫ್ಲಾಂಡರ್ಸ್‌ನಲ್ಲಿ ಎರಡು ಬಾರಿ ಗಾಯಗೊಂಡು, ಕ್ಷಯ ತಗುಲಿ, 1919ರ ಆಗಸ್ಟ್‌ನಲ್ಲಿ ಇಪ್ಪತ್ತೈದು ವರ್ಷವೋ ಏನೋ ಆಗಿದ್ದಾಗ ತೀರಿಕೊಂಡ. ಅವನು ಯಾವ ದೇಶದ ಸಮವಸ್ತ್ರ ತೊಟ್ಟಿದ್ದನೋ ಆ ದೇಶದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದಲ್ಲಿ ಭಾರತೀಯರಿಗೆ ಮತದ ಹಕ್ಕಿರಲಿಲ್ಲ, ಅದು ಬಂದದ್ದು 1947ರಲ್ಲಿ. ಸುಮಾರು ತೊಂಬತ್ತು ವರ್ಷಗಳ ಬಳಿಕ ಅವನ ಪದಕ ಲಂಡನ್ನಿನ ಅಂಗಡಿಯೊಂದರಲ್ಲಿ ಸಿಖ್ ಇತಿಹಾಸಕಾರರೊಬ್ಬರ ಕಣ್ಣಿಗೆ ಬಿತ್ತು. ಅದರ ಅಂಚಿನಲ್ಲಿದ್ದ ಹೆಸರನ್ನು ಹಿಡಿದು ಹುಡುಕಿದಾಗ ಸಮಾಧಿ ಗೊತ್ತಾಯಿತು. ಈಗ ಪ್ರತಿ ನವೆಂಬರ್‌ನಲ್ಲಿ ಜನ ಅಲ್ಲಿ ಸೇರುತ್ತಾರೆ. ನಾನೂ ಹೋಗಿದ್ದೇನೆ. ಸಮಾಧಿಯ ಮುಂದೆ ನಿಂತಿದ್ದ ಸಿಖ್ ಮಕ್ಕಳು ಅವನ ವಂಶದವರಲ್ಲ, ಅವನಿಗೆ ವಂಶವೇ ಉಳಿದಿಲ್ಲ. ಆದರೂ ಅವನು ನಮ್ಮವನೆಂದು ಆ ಮಕ್ಕಳು ಹೇಳಿಕೊಂಡರು.

ಅಮೆರಿಕದ ಕಥೆ ಇದಕ್ಕಿಂತ ಕಠೋರ. ಅಮೃತಸರ ಜಿಲ್ಲೆಯ ಭಗತ್ ಸಿಂಗ್ ಥಿಂಡ್ 1918ರಲ್ಲಿ ಅಮೆರಿಕದ ಸೈನ್ಯ ಸೇರಿ ಒಳ್ಳೆಯ ನಡತೆಯ ಪತ್ರದೊಡನೆ ಹೊರಬಂದರು. ಬಿಳಿಯರಲ್ಲವೆಂಬ ಕಾರಣಕ್ಕೆ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರಿಗೆ ಪೌರತ್ವವಿಲ್ಲವೆಂದಿತು. ಹಿಂದಿನ ಯೋಧರಿಗೆಂದು 1935ರಲ್ಲಿ ಆದ ಕಾನೂನಿನಿಂದಾಗಿ ಮರುವರ್ಷ ಅವರು ಪೌರರಾದರು.

ಇವೆಲ್ಲ ಹಳೆಯ ಮಾತೆನ್ನಬಹುದು. ಆದರೆ 1993ರ ನವೆಂಬರ್ 11ರಂದು, ಯುದ್ಧದಲ್ಲಿ ಮಡಿದವರನ್ನು ಕೆನಡಾ ನೆನೆಯುವ ದಿನದಂದೇ, ಸರ್ರೆ ನಗರದಲ್ಲಿರುವ ಮಾಜಿ ಯೋಧರ ಸಂಘದ ನ್ಯೂಟನ್ ಲೀಜನ್ ಭವನಕ್ಕೆ ಆಹ್ವಾನದ ಮೇಲೆ ಹೋದ ಪ್ರೀತಮ್ ಸಿಂಗ್ ಜೌಹಲ್ ಮತ್ತು ಇತರ ಸಿಖ್ ಯೋಧರನ್ನು, ಪೇಟ ತೆಗೆಯದೆ ಒಳಗೆ ಬರಬಾರದೆಂದು ಬಾಗಿಲಲ್ಲೇ ತಡೆದರು. ಎರಡನೆಯ ಮಹಾಯುದ್ಧದಲ್ಲಿ ಅದೇ ಪೇಟ ಕಟ್ಟಿಕೊಂಡು ಹೋರಾಡಿದವರು ಅವರು.

ಶಿವಮೊಗ್ಗದ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ಪಂಜಾಬಿನ ಸೈನಿಕರೆಂದ ಕೂಡಲೇ ನನ್ನ ಕಣ್ಣಿಗೆ ಬರುವುದು ಸಿಖ್ಖರ ಪೇಟ. ಚಿತ್ರಗಳಲ್ಲಿಯೂ ಅವರೇ ಇರುತ್ತಾರೆ. ಉಳಿದವರ ಸಂಖ್ಯೆ ಕಡಿಮೆಯಿತ್ತೇ?

ಧಾರವಾಡದ ಉಪನ್ಯಾಸಕ:

ಒಳ್ಳೆಯದನ್ನು ಕೇಳಿದಿರಿ ಅಮ್ಮಾ. ಪಂಜಾಬಿನಿಂದ ಹೋದವರಲ್ಲಿ ಅತಿ ದೊಡ್ಡ ಗುಂಪು ಮುಸಲ್ಮಾನರದು. ರಾವಲ್ಪಿಂಡಿ, ಝೇಲಂ ಕಡೆಯ ಮಳೆಯಾಶ್ರಿತ ಗುಡ್ಡಗಾಡಿನವರು. ಹಿಂದೂ ಜಾಟರು, ಡೋಗ್ರರು ಕೂಡ ಬಹಳ ಮಂದಿ. ಬ್ರಿಟಿಷರ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಖುದಾದಾದ್ ಖಾನ್ ಚಕ್ವಾಲ್ ಸೀಮೆಯ ದಬ್ ಎಂಬ ಹಳ್ಳಿಯವನು. 1914ರ ಅಕ್ಟೋಬರ್ 31ರಂದು ಬೆಲ್ಜಿಯಮ್ಮಿನ ಹಾಲೆಬೆಕೆಯಲ್ಲಿ, ಜೊತೆಯ ಮೆಷಿನ್‌ಗನ್ ಆಳುಗಳೆಲ್ಲ ಸತ್ತಮೇಲೂ ಗಾಯಗೊಂಡ ಅವನು ಗನ್ ನಡೆಸುತ್ತಲೇ ಇದ್ದ. ಅದೇ ಸೀಮೆಯ ದುಲ್ಮಿಯಾಲ್ ಹಳ್ಳಿಯೊಂದೇ 460 ಮಂದಿಯನ್ನು ಕಳುಹಿಸಿತ್ತು. ಅದಕ್ಕೆ ಮೆಚ್ಚುಗೆಯಾಗಿ ಕೊಟ್ಟ ಹಳೆಯ ತೋಪು ಈಗಲೂ ಆ ಊರಿನಲ್ಲಿದೆ.

ಇವರನ್ನು ನಾವು ನೆನೆಯದಿರುವುದಕ್ಕೆ ಕಾರಣ 1947. ಅವರ ಹಳ್ಳಿಗಳು ಪಾಕಿಸ್ತಾನಕ್ಕೆ ಹೋದವು, ಆದ್ದರಿಂದ ನಮ್ಮ ಪಠ್ಯಗಳಿಂದ ಹೊರಬಿದ್ದರು. ಆ ಕಡೆಯವರಿಗೋ, ದೇಶ ಹುಟ್ಟುವ ಮೊದಲಿನ ಯುದ್ಧ ತಮ್ಮದೆನಿಸಲಿಲ್ಲ. ನಂದ್ ಸಿಂಗರ ಬದುಕನ್ನು ನೋಡಿ: 1944ರಲ್ಲಿ ಬರ್ಮಾದ ಗಡಿಯಲ್ಲಿ ವಿಕ್ಟೋರಿಯಾ ಕ್ರಾಸ್, 1947ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದೊಡನೆ ನಡೆದ ಕಾಶ್ಮೀರ ಯುದ್ಧದಲ್ಲಿ ಉರಿಯ ಬಳಿ ಮರಣ, ಮರಣೋತ್ತರವಾಗಿ ಮಹಾವೀರ ಚಕ್ರ. ಮೂರು ವರ್ಷಗಳ ಹಿಂದೆ ಒಂದೇ ಸೈನ್ಯದಲ್ಲಿದ್ದ ಪಂಜಾಬಿಗಳು ಆಗ ಎದುರುಬದುರಾಗಿದ್ದರು.

ದಾಖಲೆಗಳೂ ಹೀಗೆಯೇ ಗಡಿಯಾಚೆ ಉಳಿದವು. 1919ರಲ್ಲಿ ಪಂಜಾಬ್ ಸರ್ಕಾರ ಹಳ್ಳಿಹಳ್ಳಿಯಲ್ಲಿ ಕೇಳಿ ಬರೆಸಿದ ದಫ್ತರಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿವೆ: ಸುಮಾರು 26,000 ಪುಟಗಳು, 3,20,000 ಮಂದಿಯ ವಿವರ. ದಶಕಗಳ ಕಾಲ ಅವನ್ನು ಯಾರೂ ತೆರೆದು ನೋಡಲಿಲ್ಲ. ಬ್ರಿಟನ್ನಿನ ಪಂಜಾಬ್ ಪರಂಪರೆ ಸಂಘವೊಂದು ಮತ್ತು ಗ್ರೀನಿಚ್ ವಿಶ್ವವಿದ್ಯಾಲಯದವರು ಸೇರಿ 2021ರ ನವೆಂಬರ್‌ನಲ್ಲಿ ಜಲಂಧರ್, ಲೂಧಿಯಾನಾ, ಸಿಯಾಲ್‌ಕೋಟ್ ಜಿಲ್ಲೆಗಳ ಸುಮಾರು 45,000 ದಾಖಲೆಗಳನ್ನು ಅಂತರ್ಜಾಲಕ್ಕೆ ತಂದರು. ಬೀದರಿನ ಸೋದರಿಯವರು ಅದರಲ್ಲಿ ಹುಡುಕಿದ್ದಾರೆಯೇ?

ಬೀದರಿನ ಸೋದರಿ:

ಹುಡುಕಿದ್ದೇನೆ ಸರ್. ಒಂದೇ ಹೆಸರಿನವರು ಹಲವರಿದ್ದರು, ಇಂಗ್ಲಿಷ್ ಬರವಣಿಗೆಯಲ್ಲಿ ನಮ್ಮ ಹಳ್ಳಿಯ ಹೆಸರು ಗುರುತು ಸಿಗದಂತಾಗಿತ್ತು. ತಂದೆಯ ಹೆಸರಿನ ಮೇಲೆ ಹಿಡಿದುಕೊಂಡು ಹೋದಾಗ ನಾಲ್ಕನೆಯ ದಿನ ಸಿಕ್ಕರು. ಹೆಸರು, ತಂದೆಯ ಹೆಸರು, ಜಾತಿ, ಪಲ್ಟನ್ನು, ಸತ್ತರೆಂಬ ಒಂದು ಮಾತು. ಬಸ್ರಾದ ಕಲ್ಲಿನ ಮೇಲೆ ಎಣಿಕೆಯಾಗಿದ್ದ ಮುತ್ತಜ್ಜ, ಊರಿನವರು ಹೇಳಿ ಬರೆಸಿದ ಪುಟದಲ್ಲಿ ಇಂಥವರ ಮಗನಾಗಿಯೇ ಇದ್ದರು. ತಂದೆಯವರಿಗೆ ಓದಿ ಹೇಳಿದೆ. ಅವರು ಸುಮ್ಮನೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಅದೇ ಪುಟದಲ್ಲಿ ನಮ್ಮ ಹಳ್ಳಿಯ ಬೇರೆ ಹೆಸರುಗಳೂ ಇವೆ, ಅವುಗಳಲ್ಲಿ ಏಳು ಮುಸಲ್ಮಾನ ಹೆಸರುಗಳು. ಅವರ ಮನೆಯವರು 1947ರಲ್ಲಿ ಆಚೆ ಹೋದರು. ಬರುವ ಚಳಿಗಾಲದಲ್ಲಿ ತಂದೆಯವರನ್ನು ಕರೆದುಕೊಂಡು ಹಳ್ಳಿಗೆ ಹೋಗುತ್ತಿದ್ದೇನೆ. ಎಲ್ಲ ಹೆಸರುಗಳನ್ನೂ ಗುರುಮುಖಿಯಲ್ಲಿ ಒಂದು ಪಟ್ಟಿ, ಉರ್ದುವಿನಲ್ಲಿ ಒಂದು ಪಟ್ಟಿ ಮಾಡಿಸಿದ್ದೇನೆ. ಆ ಏಳು ಮನೆಯವರು ಗಡಿಯಾಚೆ ಯಾವ ಊರಿನಲ್ಲಿ ನೆಲೆಸಿದರೆಂದು ಹಿರಿಯರಲ್ಲಿ ಯಾರಿಗಾದರೂ ತಿಳಿದಿದ್ದರೆ, ಉರ್ದುವಿನ ಪಟ್ಟಿಯನ್ನು ಅಲ್ಲಿಗೆ ಕಳುಹಿಸಬೇಕೆಂದಿದ್ದೇನೆ.